ಸೂರ್ಯದೇವರೇ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ

ಇವರಿಂದ,
ಗವಿಪುರದ ಒಬ್ಬ ತೆರಿಗೆದಾರ,
ಬೆಂಗಳೂರು

ಇವರಿಗೆ,
ಶ್ರೀ ಸೂರ್ಯನಾರಾಯಣಸ್ವಾಮಿಯವರು,
ಏಳು ಕುದುರೆಯ ರಥ, ಆಕಾಶಮಾರ್ಗ

ವಿಷಯ: ಮಕರ ಸಂಕ್ರಾಂತಿಯ ಸಂಜೆ ಶ್ರೀ ಗವಿ ಗಂಗಾಧರೇಶ್ವರ ದೇವಸ್ಥಾನಕ್ಕೆ ತಾವು ಬರುವ ಮಾರ್ಗವನ್ನು ಬದಲಾಯಿಸಿಕೊಳ್ಳುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ತಾವು ಪ್ರತಿ ವರ್ಷ ಜನವರಿ ಮಧ್ಯದಲ್ಲಿ ಸಂಜೆ ಐದೂಕಾಲು ಐದೂವರೆಯ ಹೊತ್ತಿಗೆ ಯಾರನ್ನೂ ಕೇಳದೆ ನಮ್ಮ ಬಡಾವಣೆಗೆ ಬರುತ್ತೀರಿ. ಪಶ್ಚಿಮದ ಕಿಂಡಿಯಿಂದ ನುಸುಳಿ, ನಂದಿಯ ಎರಡು ಕೊಂಬುಗಳ ನಡುವೆ ಹಾದು, ಗವಿಯೊಳಗಿನ ಲಿಂಗವನ್ನು ಕೆಲವೇ ನಿಮಿಷ ಮುಟ್ಟಿ ಹೋಗುತ್ತೀರಿ. ಕೆಂಪೇಗೌಡರು ಹದಿನಾರನೇ ಶತಮಾನದಲ್ಲಿ ಈ ಗುಡಿಯನ್ನು ಜೀರ್ಣೋದ್ಧಾರ ಮಾಡಿದರೆಂದು ಹೇಳುತ್ತಾರೆ. ಗೌತಮ ಋಷಿಗಳು ಇಲ್ಲಿ ತಪಸ್ಸು ಮಾಡಿದ್ದರೆಂದು ಸ್ಥಳಪುರಾಣ. ಅಂದರೆ ಬಹಳ ಕಾಲದಿಂದ ತಾವು ಈ ದಾರಿಯನ್ನು ಪುಕ್ಕಟೆಯಾಗಿ ಬಳಸುತ್ತಿದ್ದೀರಿ. ಒಂದು ಅರ್ಜಿಯಿಲ್ಲ, ಒಂದು ರಸೀದಿಯಿಲ್ಲ.

ಆ ದಾರಿಯಲ್ಲಿ ಈಗ ಸೈಟುಗಳಿವೆ. ತೊಂದರೆ ಇರುವುದು ಅಷ್ಟೇ.

ತಮಗೆ ಲೆಕ್ಕ ಒಪ್ಪಿಸುತ್ತೇನೆ, ತಪ್ಪು ತಿಳಿಯಬೇಡಿ. ಆ ಹೊತ್ತಿಗೆ ತಾವು ದಿಗಂತದಿಂದ ಹತ್ತು ಹನ್ನೆರಡು ಡಿಗ್ರಿ ಮಾತ್ರ ಮೇಲಿರುತ್ತೀರಿ. ನೈಋತ್ಯಕ್ಕೆ ವಾಲಿದ ಪಶ್ಚಿಮದಿಂದ, ಶ್ರೀನಗರ ಹನುಮಂತನಗರದ ಮನೆಗಳ ತಲೆಯ ಮೇಲಿಂದ ಓರೆಯಾಗಿ ಬರುತ್ತೀರಿ. ದೇವಸ್ಥಾನದಿಂದ ನೂರು ಮೀಟರು ದೂರದಲ್ಲಿ ಒಬ್ಬರು ಗುಡಿಯ ಕಿಂಡಿಯ ಮಟ್ಟಕ್ಕಿಂತ ಸುಮಾರು 20 ಮೀಟರು ಎತ್ತರಕ್ಕೆ ಕಟ್ಟಿದರೆ ಸಾಕು, ತಮ್ಮ ಆ ಸಂಜೆಯ ಭೇಟಿ ರದ್ದು. ಆರೇಳು ಮಹಡಿ, ಮೇಲೊಂದು ನೀರಿನ ಟ್ಯಾಂಕು. ಮುನ್ನೂರು ಮೀಟರಿನಾಚೆ ಇಪ್ಪತ್ತು ಮಹಡಿ ಬೇಕಾದೀತು. ನಮ್ಮೂರಿನ ಬಿಲ್ಡರುಗಳ ಪೈಕಿ ಇಪ್ಪತ್ತು ಮಹಡಿಗೆ ಹೆದರುವವರನ್ನು ನಾನು ಕಂಡಿಲ್ಲ. ಹೆಂಚಿನ ಮನೆ, ವಠಾರ, ಹಿತ್ತಲಿನ ತೆಂಗಿನಮರ ಇದ್ದ ಕಾಲಕ್ಕೆ ತಮ್ಮ ಕೋನ ಸರಿಯಾಗಿತ್ತು. ಈಗ ತಾತನ ಮನೆಯ ಮೇಲೆ ನಾಲ್ಕು ಮಂದಿ ಮೊಮ್ಮಕ್ಕಳಿಗೆ ನಾಲ್ಕು ಫ್ಲಾಟು, ಬಿಲ್ಡರಿಗೆ ಐದು. ಜಂಟಿ ಅಭಿವೃದ್ಧಿ ಕರಾರಿನಲ್ಲಿ ತಮ್ಮ ಪಾಲಿಗೆ ಕಾಲಂ ಇಲ್ಲ.

ದಾಖಲೆ ಇದ್ದರೆ ಹಾಜರುಪಡಿಸಿ. ಈ ಆಕಾಶದ ತುಂಡಿಗೆ ತಮ್ಮ ಹೆಸರಿನಲ್ಲಿ ಖಾತಾ ಆಗಿದೆಯೇ? ಎ ಖಾತಾ ಬೇಡ, ಬಿ ಖಾತಾ ಆದರೂ? ಇ-ಖಾತಾಗೆ ಆಧಾರ್ ಜೋಡಿಸಿದ್ದೀರಾ? ವಿಚಾರಿಸೋಣವೆಂದರೆ ಕಚೇರಿಯೂ ಒಂದಲ್ಲ. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಒಂದಿದ್ದ ಪಾಲಿಕೆ ಐದಾಯಿತು. ತಾವು ಬೆಳಿಗ್ಗೆ ಬೆಂಗಳೂರು ಪೂರ್ವ ನಗರ ಪಾಲಿಕೆಯಲ್ಲಿ ಉದಯಿಸಿ, ಸಂಜೆ ಪಶ್ಚಿಮ ನಗರ ಪಾಲಿಕೆಯಲ್ಲಿ ಮುಳುಗುವವರು. ತಮ್ಮ ಕಡತ ಯಾರ ಮೇಜಿನ ಮೇಲಿರಬೇಕೆಂಬುದೇ ಇತ್ಯರ್ಥವಾಗುವ ಹೊತ್ತಿಗೆ ಮತ್ತೊಂದು ಉತ್ತರಾಯಣ ಬಂದಿರುತ್ತದೆ.

ದೇವಸ್ಥಾನಕ್ಕೆ ರಕ್ಷಣೆ ಇಲ್ಲವೆಂದು ಯಾರಾದರೂ ತಮ್ಮ ಕಿವಿ ಊದಿದ್ದರೆ ನಂಬಬೇಡಿ. ಕರ್ನಾಟಕದ ಪ್ರಾಚೀನ ಸ್ಮಾರಕಗಳ 1961ರ ಕಾಯ್ದೆಯಡಿ ಅದು ಸಂರಕ್ಷಿತ. ಅಂಗಳದಲ್ಲಿ ನಿಂತ ಏಕಶಿಲೆಯ ಕಂಬಗಳೂ ಸಂರಕ್ಷಿತ: ತ್ರಿಶೂಲ, ಡಮರು, ಮತ್ತು ದೊಡ್ಡ ತಟ್ಟೆ ಹೊತ್ತ ಸೂರ್ಯಪಾನ, ಚಂದ್ರಪಾನ. ಗಮನಿಸಿ, ತಮ್ಮ ಹೆಸರಿನ ಕಲ್ಲಿಗೇ ಕಾನೂನಿನ ರಕ್ಷಣೆ ಇದೆ. ತಮಗೆ ಇಲ್ಲದಿದ್ದರೆ ಏನಂತೆ? ಕಲ್ಲನ್ನು ಅಳೆಯಬಹುದು, ಬೇಲಿ ಹಾಕಬಹುದು, ನೀಲಿ ಫಲಕ ನೆಡಬಹುದು. ಕೇಂದ್ರದ ಪುರಾತತ್ವ ಇಲಾಖೆಯ ಸ್ಮಾರಕವಾದರೆ 2010ರ ತಿದ್ದುಪಡಿಯಂತೆ ಸುತ್ತ 100 ಮೀಟರು ಕಟ್ಟುವಂತಿಲ್ಲ, ಅದರಾಚೆ 200 ಮೀಟರು ಅನುಮತಿ ಪಡೆದೇ ಕಟ್ಟಬೇಕು. ಅದೂ ಸುತ್ತ ಎಳೆದ ವೃತ್ತ. ತಾವು ವೃತ್ತದಲ್ಲಿ ಬರುವವರಲ್ಲ, ಒಂದೇ ಕಡೆಯಿಂದ, ಒಂದು ಸೀಳಿನಲ್ಲಿ ಬರುವವರು. ಉಳಿದ ಮೂರು ದಿಕ್ಕನ್ನು ಕಾದು ಆ ಸೀಳನ್ನು ಬಿಟ್ಟರೆ ಗವಿಯಲ್ಲಿ ಉಳಿಯುವುದು ಕಲ್ಲು ಮತ್ತು ಟ್ಯೂಬ್‌ಲೈಟು. ಸಂರಕ್ಷಣೆ ಕಾಗದದ ಮೇಲೆ ಪೂರ್ತಿಯಾಗಿರುತ್ತದೆ.

ತಮ್ಮ ವಿರುದ್ಧ ಸಾಕ್ಷ್ಯವೂ ಇದೆ. ನೆಹರೂ ತಾರಾಲಯದ ಡಾ. ಬಿ.ಎಸ್. ಶೈಲಜಾ ಮತ್ತು ಅವರ ಸಂಗಡಿಗರು ಗುಡಿಯನ್ನು ಅಳೆದು, 2008ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದಿದ್ದಾರೆ. ಅದರಿಂದ ತಿಳಿದದ್ದು, ತಾವು ವರ್ಷಕ್ಕೆ ಒಂದಲ್ಲ, ಎರಡು ಸಲ ಬರುತ್ತೀರಿ. ನವೆಂಬರ್ ಕೊನೆ, ಡಿಸೆಂಬರ್ ಮೊದಲ ದಿನಗಳಲ್ಲಿ, ದಕ್ಷಿಣಕ್ಕೆ ಇಳಿಯುವಾಗ ಅದೇ ಕೋನದಲ್ಲಿ ಇನ್ನೊಮ್ಮೆ. ಆಗ ಕ್ಯೂ ಇಲ್ಲ, ಟಿವಿ ಕ್ಯಾಮೆರಾ ಇಲ್ಲ, ಎಳ್ಳು ಬೆಲ್ಲವೂ ಇಲ್ಲ. ಯಾರೂ ನೋಡದಿದ್ದರೂ ಬರುವುದು ಏಕೆ ಎಂದು ನಮಗೆ ಅರ್ಥವಾಗುವುದಿಲ್ಲ. ನಮ್ಮ ಕಡೆ ಉದ್ಘಾಟನೆಗೆ ಜನ ಸೇರದಿದ್ದರೆ ಗಣ್ಯರು ಕಾರಿನಿಂದ ಇಳಿಯುವುದಿಲ್ಲ.

ಅದೇ ಅಧ್ಯಯನಕ್ಕೆ 1792ರಲ್ಲಿ ಬಂದ ಆಂಗ್ಲ ಚಿತ್ರಕಾರ ಡೇನಿಯಲ್‌ಗಳು ಬರೆದ ಚಿತ್ರಗಳೂ ಒದಗಿದವು. ಆಗಿನ ಗುಡಿಯನ್ನೂ ಈಗಿನ ಗುಡಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಆವರಣದಲ್ಲೇ ಎಷ್ಟೋ ಗೋಡೆಗಳು ಆಮೇಲೆ ಎದ್ದವು ಎನ್ನುವುದು ಗೊತ್ತಾಗುತ್ತದೆ. ಅಂದರೆ ತಮ್ಮನ್ನು ತಿದ್ದುವ ಕೆಲಸ ಹೊರಗಿನ ಬಿಲ್ಡರು ಶುರುಮಾಡಿದ್ದಲ್ಲ. ಭಕ್ತರೇ ಒಳಗಿನಿಂದ ಶುರುಮಾಡಿದ್ದಾರೆ. ಇಟ್ಟಿಗೆ ಗಾರೆಯಿಂದ ಭಕ್ತಿ ತೋರಿಸುವುದು ನಮ್ಮಲ್ಲಿ ಹಳೆಯ ಅಭ್ಯಾಸ. ಅದಕ್ಕೂ ತಾವು ಹೊಂದಿಕೊಂಡಿರಿ. ತಮ್ಮ ನಿಜವಾದ ಉತ್ತರಾಯಣ ಡಿಸೆಂಬರ್ 21, 22ಕ್ಕೇ ಆಗಿಹೋಗುತ್ತದೆ, ನಾವು ಪಂಚಾಂಗ ಹಿಡಿದು ಮೂರು ವಾರ ತಡವಾಗಿ ಹಬ್ಬ ಮಾಡುತ್ತೇವೆ; ಅದಕ್ಕೂ ಆಕ್ಷೇಪವೆತ್ತಿಲ್ಲ. ಇಷ್ಟು ಸಹನೆ ಇರುವ ತಮಗೆ ಇನ್ನೊಂದು ಹತ್ತು ಡಿಗ್ರಿ ದೊಡ್ಡದೇ?

ನೆರೆಹೊರೆಯವರನ್ನು ನೋಡಿ ಕಲಿಯಬೇಕು. ಧರ್ಮಾಂಬುಧಿ ಕೆರೆಗೆ ಹೇಳಿದೆವು, ಅದು ತೆಪ್ಪಗೆ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಆಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ನಮ್ಮ ಕೆಂಪಾಂಬುಧಿ ಇನ್ನೂ ಕೆರೆಯೆಂದು ಹಟ ಹಿಡಿದಿದೆ, ಅದರ ಬಳಿ ಹೋದವರ ಮೂಗಿಗೆ ಆಗುವ ಗತಿ ತಮಗೆ ಮೇಲಿನಿಂದಲೇ ತಿಳಿದಿರಬೇಕು. ಅದರ ಹತ್ತಿರದ ಗೋಪುರವೂ ಸೇರಿ ನಾಲ್ಕು ಗೋಪುರಗಳಿಂದ ಊರಿನ ಎಲ್ಲೆ ಗುರುತಿಸಿದರೆಂದು ಜನ ಕೆಂಪೇಗೌಡರನ್ನು ಹೊಗಳುತ್ತಾರೆ. ಅವರು ಅಡ್ಡಕ್ಕೆ ಗುರುತು ಹಾಕಿದರು. ಊರು ಮೇಲಕ್ಕೂ ಬೆಳೆಯುತ್ತದೆ ಎನ್ನುವುದು ಅವರಿಗೂ ಹೊಳೆಯಲಿಲ್ಲ.

ಆಕಾಶವನ್ನು ಖಾಲಿ ಇಡಲು ನಮಗೆ ಬಾರದು ಎಂದು ಮಾತ್ರ ತಿಳಿಯಬೇಡಿ, ಅದು ನಮ್ಮ ಎಂಜಿನಿಯರುಗಳಿಗೆ ಅವಮಾನ. ಎಚ್‌ಎಎಲ್ ನಿಲ್ದಾಣದ ಸುತ್ತ, ಜಕ್ಕೂರಿನ ಸುತ್ತ ಮನೆ ಕಟ್ಟುವವರು ಎತ್ತರಕ್ಕೆ ಲೆಕ್ಕ ಕೊಡಬೇಕು. ವಿಮಾನ ನಿಲ್ದಾಣ ಪ್ರಾಧಿಕಾರದವರು ಬಣ್ಣ ಬಣ್ಣದ ನಕ್ಷೆ ಮಾಡಿಟ್ಟಿದ್ದಾರೆ. ಯಾವ ಬಣ್ಣದಲ್ಲಿ ಎಷ್ಟು ಮೀಟರಿನವರೆಗೆ ಏರಬಹುದು, ಎಲ್ಲಿ ನಿಲ್ಲಬೇಕು ಎಂಬುದು ಅದರಲ್ಲಿದೆ. ವಿಮಾನ ಓರೆಯಾಗಿ ಇಳಿದು ಬರುತ್ತದೆ, ಅದರ ಹಾದಿಯಲ್ಲಿ ಏನೂ ಇರಬಾರದು. ತಾವೂ ಓರೆಯಾಗಿಯೇ ಇಳಿದು ಬರುತ್ತೀರಿ. ಆದರೆ ವಿಮಾನದಲ್ಲಿ ಟಿಕೆಟ್ ಕೊಂಡವರು ಕೂತಿರುತ್ತಾರೆ. ತಮ್ಮ ಜೊತೆ ಯಾರು ಕೂತಿದ್ದಾರೆ?

ಕೆಲವು ತಲೆಹರಟೆಗಳು ಇದನ್ನೇ ಹಿಡಿದು ವಾದ ಮಾಡುತ್ತಾರೆ. ಕಿಂಡಿಯಿಂದ ಪಶ್ಚಿಮಕ್ಕೆ ಆ ಕೆಲವು ದಿನಗಳ ಬೆಳಕು ಬರುವ ಬೀಸಣಿಗೆಯಷ್ಟು ಜಾಗವನ್ನು ನಗರ ಯೋಜನೆಯ ನಕ್ಷೆಯಲ್ಲಿ ಗುರುತಿಸಿ, ಪ್ರತಿ ಸೈಟಿಗೂ ಇಷ್ಟು ಮೀಟರು ಎಂದು ಬರೆದುಬಿಡಿ, ಯಾರ ಮನೆಯನ್ನೂ ಕೆಡವಬೇಕಿಲ್ಲ, ಹೊಸದಾಗಿ ಏರುವವರು ಮಾತ್ರ ನಿಂತರೆ ಸಾಕು ಎನ್ನುತ್ತಾರೆ. ನಷ್ಟವಾದ ಮಹಡಿಗೆ ಬೇರೆ ಕಡೆ ಕಟ್ಟುವ ಹಕ್ಕು ಕೊಡಿ, ರಸ್ತೆ ಅಗಲಿಸುವಾಗ ಟಿಡಿಆರ್ ಕೊಡುವುದಿಲ್ಲವೇ ಎಂದೂ ಕೇಳುತ್ತಾರೆ. ಲಂಡನ್ನಿನಲ್ಲಿ ರಿಚ್‌ಮಂಡ್ ಪಾರ್ಕಿನ ಒಂದು ದಿಬ್ಬದಿಂದ, ಪೊದೆಯ ಸಂದಿಯಲ್ಲಿ, ಸುಮಾರು 16 ಕಿಲೋಮೀಟರು ದೂರದ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ ಕಾಣುತ್ತದೆ. ಆ ನೋಟಕ್ಕೆ ಅಡ್ಡ ಬರದಂತೆ ಊರಿನ ಯೋಜನೆಯಲ್ಲೇ ಬರೆದಿದ್ದಾರಂತೆ. ನೋಡುವುದಕ್ಕೆ ಹದಿನಾರು ಕಿಲೋಮೀಟರು! ಇಲ್ಲಿ ಇವರು ಕೇಳುವುದು ಅದರ ಒಂದು ಚೂರು. ಚೂರಾದರೂ ಸರಿ, ಇಂಥದ್ದನ್ನೆಲ್ಲ ಒಪ್ಪಿದರೆ ನಾಳೆ ಚಂದ್ರನೂ ಅರ್ಜಿ ಹಾಕುತ್ತಾನೆ, ಅವನ ಹೆಸರಿನಲ್ಲೂ ಒಂದು ಕಂಬವಿದೆ.

ಈಜಿಪ್ಟಿನವರ ಮಾದರಿ ನನಗೆ ಹಿಡಿಸಿತು. ಅಬು ಸಿಂಬೆಲ್ ಗುಡಿಯೊಳಗೆ ತಾವು ವರ್ಷಕ್ಕೆ ಎರಡು ದಿನ ಗರ್ಭಗುಡಿಯವರೆಗೂ ಹೋಗುತ್ತಿದ್ದಿರಿ. ಅಸ್ವಾನ್ ಅಣೆಕಟ್ಟೆಗಾಗಿ 1964ರಿಂದ 1968ರವರೆಗೆ ಇಡೀ ಗುಡಿಯನ್ನು ತುಂಡು ತುಂಡಾಗಿ ಕೊಯ್ದು ಎತ್ತರದಲ್ಲಿ ಮತ್ತೆ ಜೋಡಿಸಿದರು. ತಾವು ಅಲ್ಲೂ ಹೋದಿರಿ, ಒಂದು ದಿನ ಹಿಂದುಮುಂದಾಯಿತೆಂದು ಹೇಳುತ್ತಾರೆ, ಅಷ್ಟೇ. ಬೆಳಕು ತಪ್ಪದಂತೆ ಇಡೀ ಗುಡಿಯನ್ನೇ ಕೂರಿಸಿದ ಆ ಲೆಕ್ಕ ನಮಗೆ ಬೇಡ. ತಾವು ಹೊಂದಿಕೊಂಡ ಭಾಗ ಮಾತ್ರ ಬೇಕು.

ಬಂಡೆಯ ವಿಷಯ ಇಲ್ಲಿ ಎತ್ತುವುದಿಲ್ಲ. ಎರಡು ನೆಲಮಾಳಿಗೆ ಪಾರ್ಕಿಂಗ್ ಬೇಕೆಂದರೆ ಗಟ್ಟಿ ಬಂಡೆ ಕೊರೆಯಬೇಕು, ಕೊರೆದರೆ ನಡುಗುತ್ತದೆ, ಗವಿಯೂ ಬಂಡೆಯೇ. ಅದು ತಮ್ಮ ವ್ಯಾಪ್ತಿಗೆ ಬರುವುದಿಲ್ಲ, ಭೂದೇವಿಗೆ ಪ್ರತ್ಯೇಕ ಪತ್ರ ಬರೆಯುವವನಿದ್ದೇನೆ.

2021ರ ಸಂಕ್ರಾಂತಿ ನೆನಪಿದೆಯಲ್ಲ? ಮೋಡ ಮುಸುಕಿ ಲಿಂಗಕ್ಕೆ ಬೆಳಕು ಬೀಳಲಿಲ್ಲ. ಊರೆಲ್ಲ ಗಾಬರಿ, ಟಿವಿಯಲ್ಲಿ ಚರ್ಚೆ, ಏನು ಕೇಡು ಕಾದಿದೆಯೋ ಎಂದು ಜ್ಯೋತಿಷಿಗಳ ಲೆಕ್ಕ. ಅರ್ಧ ಗಂಟೆ ಮೋಡ ಅಡ್ಡ ಬಂದರೆ ಅಪಶಕುನ ಎನ್ನುವ ಇದೇ ಜನ, ಅರವತ್ತು ವರ್ಷ ಬಾಳುವ ಕಾಂಕ್ರೀಟು ಅಡ್ಡ ಬಂದರೆ ಗೃಹಪ್ರವೇಶಕ್ಕೆ ಹೋಗಿ ಹೋಳಿಗೆ ಊಟ ಮಾಡಿ ಬರುತ್ತಾರೆ. ಆದ್ದರಿಂದ ತಾವು ಬರದಿದ್ದರೆ ಗಲಾಟೆ ಆದೀತೆಂಬ ಚಿಂತೆ ಬೇಡ. ಬದಲಿ ವ್ಯವಸ್ಥೆ ಯೋಚಿಸಿದ್ದೇನೆ. ಎದುರಿನ ಅಪಾರ್ಟ್‌ಮೆಂಟಿನ ಗೋಡೆಗೆ ಒಂದು ಹಾಲೋಜನ್ ದೀಪ, ಅದಕ್ಕೆ ಟೈಮರು. ಐದೂಕಾಲಿಗೆ ಹತ್ತಿಕೊಳ್ಳುತ್ತದೆ, ಮೋಡದ ಕಾಟವಿಲ್ಲ. ಪ್ರಾಯೋಜಕರು ಸಿಕ್ಕರೆ ದಿನಕ್ಕೆ ಮೂರು ಷೋ. ಮುಜರಾಯಿ ಇಲಾಖೆಗೆ ವರಮಾನ.

ಆದ್ದರಿಂದ ತಾವು ದಯಮಾಡಿ ಬರುವ ಸಂಕ್ರಾಂತಿಯೊಳಗೆ ತಮ್ಮ ಮಾರ್ಗವನ್ನು ಬದಲಿಸಿಕೊಂಡು, ಅಥವಾ ನೆತ್ತಿಯ ಮೇಲಿಂದ ನೇರವಾಗಿ ಇಳಿಯಲು ಸಾಧ್ಯವೇ ಎಂಬುದನ್ನು ಪರಿಶೀಲಿಸಿ, ಸಹಕರಿಸಬೇಕಾಗಿ ಕೋರುತ್ತೇನೆ.

ತಮ್ಮ ವಿಶ್ವಾಸಿ,
ಗವಿಪುರದ ತೆರಿಗೆದಾರ

ತಾ.ಕ.: ಇಂಥ ಕಟ್ಟಡ ಬಂದರೆ ಅದರ ಜಾಹೀರಾತು ಹೇಗಿರುತ್ತದೆಂದು ನನಗೆ ಈಗಲೇ ಗೊತ್ತು. ಏಳನೇ ಮಹಡಿಯಿಂದ ಮೇಲೆ, ಪಶ್ಚಿಮದ ಬಾಲ್ಕನಿಗೆ, ‘ಸೂರ್ಯಾಸ್ತ ದರ್ಶನ’ವೆಂದು ಚದರಡಿಗೆ ಇಷ್ಟು ಹೆಚ್ಚು. ಕೊಂಡವರು ಮೊದಲ ಬೇಸಿಗೆಯಲ್ಲೇ ಪಡುವಣ ಬಿಸಿಲು ತಡೆಯಲಾಗುವುದಿಲ್ಲವೆಂದು ದಪ್ಪ ಪರದೆ ಹಾಕಿಸುತ್ತಾರೆ.