ಅರ್ಧ ದಿನದ ಕೆಲಸ, ಪೂರ್ತಿ ದಿನದ ಮಳೆ

ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಡೆ ಚಿಕ್ಕ ಮಕ್ಕಳ ತಾಯಿಯೊಬ್ಬಳು ಪಾರ್ಟ್ ಟೈಮ್ ಕೆಲಸಕ್ಕೆ ಸೇರಿದಳೆಂದರೆ ಊರವರ ಮೊದಲ ಪ್ರಶ್ನೆ ಸಂಬಳದ್ದಲ್ಲ. "ಮಕ್ಳನ್ನ ಯಾರು ನೋಡ್ಕಳ್ತಾರೆ ಮಾರಾಯ್ತಿ?" ಎರಡನೆಯದು, "ಮನೇಲಿ ಏನಾದ್ರೂ ಕಷ್ಟವಾ?" ಮೂರನೆಯದು ಸ್ವಲ್ಪ ದನಿ ತಗ್ಗಿಸಿ, "ನಮ್ಮ ಸೊಸೆಗೂ ಅಂಥದ್ದೊಂದು ಇದ್ರೆ ಹೇಳು." ಮೂರನ್ನೂ ಒಬ್ಬರೇ ಒಂದೇ ಉಸಿರಿನಲ್ಲಿ ಕೇಳುವುದೂ ಉಂಟು.

ಕೇಳಿದವರದ್ದೇನೂ ತಪ್ಪಿಲ್ಲ ಬಿಡಿ. ಅರ್ಧ ದಿನದ ಕೆಲಸ ಹೆಂಗಸರಿಗೆಂದೇ ಹೇಳಿ ಮಾಡಿಸಿದ್ದು ಅಂತ ಎಲ್ಲರ ನಂಬಿಕೆ. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವುದು, ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗುವುದು, ಹೋಂಸ್ಟೇಯ ಬುಕಿಂಗ್ ಫೋನು ಹಿಡಿಯುವುದು, ಶೃಂಗೇರಿಯಲ್ಲಾದರೆ ದೇವಸ್ಥಾನದ ಬೀದಿಯ ಅಂಗಡಿ. ಶಾರದಾಂಬೆಯ ಸನ್ನಿಧಿಯಲ್ಲಿ ಅಕ್ಷರಾಭ್ಯಾಸ ಮಾಡಿಸಲು ಎಲ್ಲೆಲ್ಲಿಂದಲೋ ಬರುವವರ ಮಕ್ಕಳಿಗೆ ಸ್ಲೇಟು, ಬಳಪ ಮಾರುತ್ತ ನಿಂತ ತಾಯಿಯ ಮಗು ಆ ಹೊತ್ತಿಗೆ ಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ತನ್ನ ಅಕ್ಷರಾಭ್ಯಾಸವನ್ನು ತಾನೇ ಮುಗಿಸಿರುತ್ತದೆ.

"ಒಂಬತ್ತೂವರೆಗೆ ಹೋಗಿ ಒಂದೂವರೆಗೆ ಬಂದ್ರಾಯ್ತಲ್ಲ" ಅಂತ ನಮ್ಮತ್ತೆಯೂ ಹೇಳಿದ್ದರು, ನಾನು ಕೊಪ್ಪದ ಮಂಡಿಯೊಂದಕ್ಕೆ ಲೆಕ್ಕ ಬರೆಯಲು ಸೇರಿದಾಗ. ಆದರೆ ಒಂಬತ್ತೂವರೆಗೆ ಹೋಗಬೇಕಾದರೆ ಐದಕ್ಕೆ ಏಳಬೇಕು. ಬಚ್ಚಲೊಲೆಗೆ ಬೆಂಕಿ, ಕೊಟ್ಟಿಗೆಗೆ ಒಂದು ಸುತ್ತು, ಅಕ್ಕಿ ರೊಟ್ಟಿ, ಮಾವನವರ ಮಾತ್ರೆ, ಮಗಳ ಜಡೆ, ಮಗನ ಕಾಣೆಯಾದ ಒಂದು ಕಾಲಿನ ಚಪ್ಪಲಿ. ಒಂದೂವರೆಗೆ ಹೊರಟು ಮನೆ ಮುಟ್ಟಿದ ಮೇಲೆ ಇದೇ ಪಟ್ಟಿ ಹಿಂದುಮುಂದಾಗಿ ಶುರು. ಎರಡು ಪೂರ್ತಿ ಕೆಲಸದ ನಡುವೆ ಅರ್ಧ ಕೆಲಸವೊಂದನ್ನು ತುರುಕಿ ಅದಕ್ಕೆ ಪಾರ್ಟ್ ಟೈಮ್ ಅಂತ ಹೆಸರಿಟ್ಟಿದ್ದಾರೆ. ಅದರಲ್ಲಿ ಅರ್ಧ ಅಂತ ಇರುವುದು ಸಂಬಳ ಒಂದೇ.

ಇದು ನನ್ನೊಬ್ಬಳ ಗೋಳು ಅಂದುಕೊಂಡೀರಿ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯೇ ಹೇಳುತ್ತದೆ: ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ದುಡಿದರೆ, ಗಂಡಸರು 88 ನಿಮಿಷ. ಇದನ್ನು ನಮ್ಮನೆಯವರಿಗೆ ಓದಿ ಹೇಳಿದೆ. "ಎಂಬತ್ತೆಂಟಾ! ಅಷ್ಟು ಮಾಡ್ತೀವಾ ನಾವು?" ಅಂತ ಹೆಮ್ಮೆಪಟ್ಟರು. ಆ 88ರಲ್ಲಿ ಸಾಸಿವೆ ಯಾವ ಡಬ್ಬಿಯಲ್ಲಿದೆ ಎಂದು ಫೋನು ಮಾಡಿ ಕೇಳುವ ಹೊತ್ತೂ ಸೇರಿದೆಯೋ ಏನೋ. ನಮ್ಮಲ್ಲಿ ಸಿಗ್ನಲ್ ಸಿಗುವುದು ಅಂಗಳದ ಮೂಲೆಯ ಹಲಸಿನ ಮರದ ಬುಡದಲ್ಲಿ ಮಾತ್ರ. ಛತ್ರಿ ಬಿಡಿಸಿಕೊಂಡು ಅಲ್ಲಿಯವರೆಗೆ ಹೋಗಿ ನನ್ನನ್ನು ಕೇಳುವಷ್ಟರಲ್ಲಿ ಅಡುಗೆಮನೆಯ ಅಷ್ಟೂ ಡಬ್ಬಿಗಳ ಮುಚ್ಚಳ ತೆಗೆದು ನೋಡಬಹುದಿತ್ತು.

ಮಕ್ಕಳನ್ನು ನೋಡಿಕೊಳ್ಳಲು ಸರ್ಕಾರ ಏನೂ ಮಾಡಿಲ್ಲ ಅಂತ ಮಾತ್ರ ನಾನು ಹೇಳುವುದಿಲ್ಲ. 1975ರ ಅಕ್ಟೋಬರ್ 2ರಂದು ಶುರುವಾದ ಯೋಜನೆಯ ಅಂಗನವಾಡಿ ಇವತ್ತು ಹಳ್ಳಿಹಳ್ಳಿಯಲ್ಲಿದೆ. ಆದರೆ ಮಗುವನ್ನು ಅಲ್ಲಿ ಕೂರಿಸಿ ಬರಲು ಮೂರು ವರ್ಷ ತುಂಬಿರಬೇಕು. ಅಲ್ಲಿಯವರೆಗೆ ಅಜ್ಜಿಯೇ ಅಂಗನವಾಡಿ. ಅಜ್ಜಿಗೆ ಮಂಡಿನೋವು ಬಂದ ದಿನ ಅದಕ್ಕೂ ರಜೆ. ಮುಖ್ಯವಾಗಿ ನರೇಗಾ ಕೂಲಿಕಾರರ ಪುಟ್ಟ ಮಕ್ಕಳಿಗೆಂದು ಪಂಚಾಯಿತಿಗಳಲ್ಲಿ ಕೂಸಿನ ಮನೆ ಬಂತು, ಒಳ್ಳೆಯದೇ. ಆದರೆ ಲೆಡ್ಜರ್ ಬರೆಯುವವಳ ನೆನಪು ಅದಕ್ಕೆ ಎಷ್ಟಿದೆಯೋ ಗೊತ್ತಿಲ್ಲ. ಇನ್ನು 2017ರಲ್ಲಿ ತಿದ್ದಿದ ಹೆರಿಗೆ ಸೌಲಭ್ಯ ಕಾಯ್ದೆ, ಐವತ್ತು ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ ಇರಲೇಬೇಕು ಎಂದಿತು. ನಮ್ಮ ಮಂಡಿಯಲ್ಲಿ ಸಾಹುಕಾರರು, ಹಮಾಲಿಗಳು, ನಾನು, ತಕ್ಕಡಿ, ಬೆಕ್ಕು, ಎಲ್ಲ ಸೇರಿಸಿ ಎಣಿಸಿದರೂ ಹತ್ತು ದಾಟುವುದಿಲ್ಲ.

ಹಾಗಾಗಿ ಅತ್ತೆಗೆ ಆಗದ ದಿನ ಮಗನೂ ನನ್ನ ಜತೆ ಮಂಡಿಗೆ. ಗೋಣಿಚೀಲದ ಮೇಲೆ ಕೂತು ಕೂತು ಅವನಿಗೆ ಅ ಆ ಇ ಈಗಿಂತ ಮೊದಲು ಅಡಿಕೆಯ ದರ್ಜೆಗಳಾದ ರಾಶಿ, ಬೆಟ್ಟೆ, ಗೊರಬಲು ಬಂದುಬಿಟ್ಟವು. ಮೊನ್ನೆ ಮನೆಗೆ ಬಂದ ನೆಂಟರೊಬ್ಬರನ್ನು ಮೇಲಿಂದ ಕೆಳಗೆ ನೋಡಿ "ಅಮ್ಮಾ, ಇದು ಗೊರಬಲು" ಅಂದ.

ಮಗುವನ್ನು ಜತೆಗಿಟ್ಟುಕೊಂಡು ದುಡಿಯುವುದೇನೂ ಹೊಸ ಸಂಗತಿಯಲ್ಲ. ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಬರುತ್ತಿದ್ದ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತು, ಮಗುವನ್ನು ಪಕ್ಕದಲ್ಲೇ ಕಂಬಳಿ ಹಾಸಿ ಮಲಗಿಸಿಕೊಂಡು, ಸುಲಿದಷ್ಟಕ್ಕೆ ಕೂಲಿ ಪಡೆದು ಸಂಸಾರ ನಡೆಸಿದ್ದಾರೆ. ಅದನ್ನು ಯಾರೂ ಪಾರ್ಟ್ ಟೈಮ್ ಅನ್ನಲಿಲ್ಲ. "ಮಕ್ಳನ್ನ ಯಾರು ನೋಡ್ಕಳ್ತಾರೆ" ಅಂತ ಕೇಳಲೂ ಇಲ್ಲ. ಕೈಗೆ ಪೆನ್ನು, ಹೆಗಲಿಗೆ ವ್ಯಾನಿಟಿ ಬ್ಯಾಗು ಬಂದಮೇಲೆಯೇ ಊರಿಗೆ ಮಕ್ಕಳ ಚಿಂತೆ ಹತ್ತಿದ್ದು.

ಬಸ್ಸಿನ ಕಥೆ ಬೇರೆಯೇ ಇದೆ. ಕೊಪ್ಪದ ಸಹಕಾರ ಸಾರಿಗೆ ನಿಮಗೆ ನೆನಪಿರಬೇಕು. ಮುಚ್ಚಿದ ಖಾಸಗಿ ಬಸ್ ಕಂಪನಿಯ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿಕೊಂಡು, 2020ರ ಫೆಬ್ರವರಿಯವರೆಗೆ ಓಡಿಸಿದ ಬಸ್ಸುಗಳು. ಯಾವ ಸ್ಟಾಪಿನಲ್ಲಿ ಯಾರು ಹತ್ತುತ್ತಾರೆ ಅನ್ನುವುದು ಕಂಡಕ್ಟರಿಗೆ ಬಾಯಿಪಾಠವಾಗಿತ್ತು. "ಅಕ್ಕ ಓಡ್ಬೇಡಿ, ನಿಲ್ತೀವಿ" ಅನ್ನುತ್ತಿದ್ದ ದನಿಗೆ ಎಷ್ಟು ಸಂಬಳ ಕೊಟ್ಟರೂ ಕಡಿಮೆಯೇ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಟಿಕೆಟ್ಟಿಲ್ಲ. ಆದರೆ ಅದು ಸರ್ಕಾರಿ ಬಸ್ಸಿನಲ್ಲಿ. ನಮ್ಮ ಒಳದಾರಿಗಳಲ್ಲಿ ಹೊತ್ತಿಗೆ ಸರಿಯಾಗಿ ಬರುವುದು ಖಾಸಗಿ ಬಸ್ಸು. ಆಧಾರ್ ಕಾರ್ಡು ಪರ್ಸಿನಲ್ಲೇ ಇರುತ್ತದೆ, ಹೋಗುವುದು ಮಾತ್ರ ಚಿಲ್ಲರೆ.

ಇಷ್ಟನ್ನೂ ಹೇಗೋ ಸಂಭಾಳಿಸಬಹುದು. ಸಂಭಾಳಿಸಲಾಗದ್ದು ಮಳೆ ರಜೆ. ಜುಲೈ, ಆಗಸ್ಟಿನಲ್ಲಿ ರಾತ್ರಿಯೆಲ್ಲ ಹೊಯ್ದು, ಬೆಳಗಾಗುವಷ್ಟರಲ್ಲಿ ವಾಟ್ಸಾಪಿಗೆ ಆದೇಶ ಬಂದಿರುತ್ತದೆ: ಕೊಪ್ಪ, ಶೃಂಗೇರಿ, ಎನ್.ಆರ್.ಪುರ ತಾಲ್ಲೂಕುಗಳ ಅಂಗನವಾಡಿ, ಶಾಲೆಗಳಿಗೆ ರಜೆ. ಬಾಳೆಹೊನ್ನೂರಿನ ಕಡೆಯ ಗೆಳತಿಗೆ ಇದರ ಮೇಲೆ ದಾರಿಯಲ್ಲಿ ಆನೆಯ ಸುದ್ದಿ ಬೇರೆ. ಮಕ್ಕಳು ಹೋ ಎಂದು ಕುಣಿಯುತ್ತಾರೆ. ಮಂಡಿಗೆ ರಜೆಯಿಲ್ಲ, ನನಗೂ ಇಲ್ಲ. ಆಮೇಲೆ ಆ ರಜೆ ಸರಿದೂಗಿಸಲು ಶನಿವಾರವೆಲ್ಲ ಪೂರ್ತಿ ಶಾಲೆ. ಅಲ್ಲಿಗೆ ಕಷ್ಟಪಟ್ಟು ಹೊಂದಿಸಿದ ವೇಳಾಪಟ್ಟಿ ಮತ್ತೆ ತಲೆಕೆಳಗು.

ಹೋದ ಮಳೆಗಾಲದಲ್ಲಿ ಇಂಥದ್ದೇ ಒಂದು ಬೆಳಿಗ್ಗೆ ನನ್ನ ತಲೆಗೆ ಒಂದು ವಿಷಯ ಹೊಳೆಯಿತು. ಇಂಥ ಮಳೆಯಲ್ಲಿ ಅಡಿಕೆ ತೋಟದಲ್ಲಿ ಏನು ಕೆಲಸ ನಡೆಯುತ್ತದೆ? ಕೊಳೆ ಔಷಧಿ ಹೊಡೆಯಬೇಕಾದರೆ ಹೊಳವಾಗಬೇಕು; ಮಳೆ ಬಿಡದೆ ಮೈಲುತುತ್ತ, ಸುಣ್ಣ ಕಲಸಿ ಉಪಯೋಗವಿಲ್ಲ. ಮರ ಜಾರುತ್ತದೆ, ಹತ್ತುವವರೂ ಬರುವುದಿಲ್ಲ. ಅಂದರೆ ಮಕ್ಕಳಿಗೆ ರಜೆ ಕೊಡುವ ಮಳೆಯೇ ತೋಟದ ಯಜಮಾನರಿಗೂ, ಅಂದರೆ ನಮ್ಮನೆಯವರಿಗೂ, ರಜೆ ಕೊಟ್ಟಿರುತ್ತದೆ! ಅವರು ಜಗಲಿಯಲ್ಲಿ ಕೂತು, ಕವಳ ಹಾಕಿ, "ಎಂಥಾ ಮಳೆ ಮಾರಾಯ್ರೆ" ಅನ್ನುತ್ತಿರುವಾಗ ಮಕ್ಕಳನ್ನು ಎಲ್ಲಿ ಬಿಡಲಿ ಅಂತ ನಾನು ಅಕ್ಕಪಕ್ಕದ ಮನೆಗೆ ಓಡುವುದೇಕೆ?

ಆವತ್ತು ಮಕ್ಕಳಿಬ್ಬರನ್ನೂ ಜಗಲಿಗೆ ತಂದು ಕೂರಿಸಿ, ಸಾಸಿವೆ ಡಬ್ಬಿಯನ್ನು ನಮ್ಮನೆಯವರ ಪಕ್ಕದಲ್ಲೇ ಇಟ್ಟು ಬಸ್ಸು ಹತ್ತಿದೆ. ಮಧ್ಯಾಹ್ನ ಬಂದು ನೋಡಿದರೆ ಮನೆ ಬಿದ್ದಿರಲಿಲ್ಲ, ಮಕ್ಕಳು ಉಂಡಿದ್ದರು. ಒಗ್ಗರಣೆ ಮಾತ್ರ ಸೀದಿತ್ತು.

ಆದ್ದರಿಂದ ಹೊಸದಾಗಿ ಕೆಲಸ ಸೇರಿದ ನಮ್ಮ ಕಡೆಯ ತಂಗಿಯರಿಗೆ ಒಂದು ಮಾತು. ಛತ್ರಿ, ರೇನ್‌ಕೋಟು, ಟಿಫಿನ್ ಡಬ್ಬಿ ಎಲ್ಲ ಆಮೇಲೆ ಕೊಳ್ಳಿ. ಮಳೆ ರಜೆ ಯಾರ ಪಾಲಿಗೆ ಅನ್ನುವುದನ್ನು ಮುಂಗಾರು ಹಿಡಿಯುವ ಮೊದಲೇ ಮನೆಯವರ ಜತೆ ಕೂತು ತೀರ್ಮಾನಿಸಿಬಿಡಿ. ಮಳೆ ಶುರುವಾದ ಮೇಲೆ ಮಾತಾಡಿದರೆ ಹೆಂಚಿನ ಸದ್ದಿನಲ್ಲಿ ಅವರಿಗೆ ಏನೂ ಕೇಳಿಸುವುದಿಲ್ಲ.