ಸಾವಿರದಿಪ್ಪತ್ತನಾಲ್ಕು ವಾರಗಳ ಮಹಾಮರೆವು: ಒಂದು ತ್ರಿತಾಲ್ಲೂಕು ಮೀಮಾಂಸೆ

ಮೊದಲು ರೋಗಲಕ್ಷಣ. ಅಂಗೈಯಗಲದ ಹಳೆಯ ಜಿಪಿಎಸ್ ಯಂತ್ರವನ್ನು ಜೇವರ್ಗಿಯ ತೊಗರಿ ಹೊಲದ ಬದುವಿನಲ್ಲಿಟ್ಟರೆ, 17 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸೆಂದು ಸರಿಯಾಗಿಯೇ ಹೇಳುತ್ತದೆ. ತಾರೀಖು ಕೇಳಿದರೆ ಇಪ್ಪತ್ತು ವರ್ಷದ ಹಿಂದಿನದನ್ನು ಒಪ್ಪಿಸುತ್ತದೆ. ಈ ಅವಸ್ಥೆಗೆ ಶಾಸ್ತ್ರಕಾರರು ‘ಸ್ಥಲಪ್ರಜ್ಞ ಕಾಲಮೂಢತ್ವ’ ಎಂದು ಹೆಸರಿಡಬಹುದಿತ್ತು. ಅವರು ಇಡದ ಕಾರಣ ಇಲ್ಲಿ ಇಡಲಾಗಿದೆ.

ಇನ್ನು ನಿದಾನ. ಜಿಪಿಎಸ್ ಉಪಗ್ರಹಗಳು 1980ರ ಜನವರಿ 6ರಿಂದ ವಾರ ಎಣಿಸುತ್ತಿವೆ. ಹಳೆಯ ಸಂಕೇತದಲ್ಲಿ ವಾರದ ಸಂಖ್ಯೆಗೆ ಇರುವುದು ಹತ್ತೇ ಬಿಟ್. 1023 ಮುಗಿದೊಡನೆ ಮತ್ತೆ ಸೊನ್ನೆ. ಮೊದಲ ಸೊನ್ನೆ 1999ರ ಆಗಸ್ಟ್ 22ರಂದು ಬಂತು. ಎರಡನೆಯದು 2019ರ ಏಪ್ರಿಲ್ 7ರ ಭಾನುವಾರ, ನಮ್ಮಲ್ಲಿ ಬೆಳಗಿನ ಐದೂವರೆಗೆ. ಹಿಂದಿನ ದಿನವಷ್ಟೇ ಯುಗಾದಿ. ಶುರುವಾದದ್ದು ವಿಕಾರಿ ಸಂವತ್ಸರ. ಪಂಚಾಂಗದವರು ಸಂವತ್ಸರದ ಹೆಸರನ್ನು 60 ವರ್ಷಕ್ಕೊಮ್ಮೆ ಮರಳಿ ಬಳಸಿದರೆ, ಅಮೆರಿಕದವರು ವಾರದ ಸಂಖ್ಯೆಯನ್ನು ಹತ್ತೊಂಬತ್ತು ವರ್ಷ ಏಳೂವರೆ ತಿಂಗಳಿಗೇ ಮರಳಿ ಬಳಸುತ್ತಾರೆ. ಜಿಪುಣತನದಲ್ಲಿ ಯಾರು ಮುಂದೆಂದು ಬೇರೆ ಹೇಳಬೇಕಿಲ್ಲ.

ಎಲ್ಲ ಯಂತ್ರಗಳೂ ಅಂದೇ ಕೆಡಲಿಲ್ಲ. ತಯಾರಕರು ತಂತ್ರಾಂಶದಲ್ಲಿ ಬೇರೆ ಬೇರೆ ಆಧಾರ ವಾರ ಇಟ್ಟಿದ್ದರು. ಕೆಲವಕ್ಕೆ ಮರೆವು ಬೇರೆ ದಿನ ಅಡರಿತು.

ಪರಿಣಾಮಗಳು ಗಂಭೀರ. 2024ರ ಜನವರಿ 12ರಂದು ಇಂಥ ಯಂತ್ರ ತೋರಿಸಿದ್ದು 2004ರ ಮೇ 28. ಜೇವರ್ಗಿಯ ಶಾಸಕ ಎನ್. ಧರ್ಮಸಿಂಗ್ ಮುಖ್ಯಮಂತ್ರಿಯಾದ ದಿನ ಅದು. ಆ ಲೆಕ್ಕದಲ್ಲಿ ಜಿಲ್ಲೆ ಇನ್ನೂ ಗುಲಬರ್ಗಾ. ಯಾದಗಿರಿ ಇನ್ನೂ ಅದರೊಳಗೇ. ಗಾಣಗಾಪುರದಲ್ಲಿ ದತ್ತ ಜಯಂತಿಯ ಹುಣ್ಣಿಮೆಗೆ ಭೀಮಾ–ಅಮರ್ಜಾ ಸಂಗಮ ಜನರಿಂದ ತುಂಬಿರುವಾಗ, ಯಂತ್ರದ ಚಂದ್ರಪುಟ ಕೃಷ್ಣ ಅಷ್ಟಮಿಯ ಅರ್ಧಚಂದ್ರನನ್ನು ತೋರಿಸುತ್ತದೆ. ಆದರೆ 7168 ದಿನಗಳು ಏಳರಿಂದ ನಿಶ್ಶೇಷವಾಗಿ ಭಾಗವಾಗುವುದರಿಂದ ವಾರ ಮಾತ್ರ ತಪ್ಪದು. ಸಂತೆಯ ಮಟ್ಟಿಗೆ ಯಂತ್ರ ಸಂಪೂರ್ಣ ಆರೋಗ್ಯವಂತ.

ಚಿಕಿತ್ಸೆಯಲ್ಲಿ ಮೂರು ಪಂಥಗಳನ್ನು ಕಲ್ಪಿಸಿಕೊಳ್ಳೋಣ. ಅಕ್ಷರಕ್ರಮದ ಮರ್ಯಾದೆಯಿಂದ ಅಫಜಲಪುರಕ್ಕೆ ಅಗ್ರಪೂಜೆ.

ಅಫಜಲಪುರ ಪಂಥದ ಸೂತ್ರ: “ಸೆಲ್ ತೆಗದು ಹಾಕ್ರಿ, ಸರಿ ಆಗ್ತದ.” ಟಿವಿ ರಿಮೋಟಿಗೆ ಸಿದ್ಧಿಸಿದ ಈ ಸೂತ್ರ ಇಲ್ಲಿ ಸೋಲುತ್ತದೆ, ದೋಷ ಇರುವುದು ತಂತ್ರಾಂಶದ ಲೆಕ್ಕದಲ್ಲಿ. ಸೋತವರು ಪೂರ್ಣ ರೀಸೆಟ್ಟಿಗೆ ಕೈಹಾಕುತ್ತಾರೆ. ಆಗ ಉಳಿಸಿಟ್ಟ ಬಾವಿ, ಬದು, ದಾರಿಗಳ ಗುರುತುಗಳೂ ಅಳಿಸಿಹೋಗುತ್ತವೆ. ಮೊದಲೇ ನೋಟ್‌ಬುಕ್ಕಿಗೆ ಇಳಿಸಿಕೊಂಡವರು ಬದುಕಿದರು. ಆಮೇಲೆ ಯಂತ್ರವನ್ನು ಬಯಲಲ್ಲಿಡಬೇಕು. ಉಪಗ್ರಹಗಳ ಪಂಚಾಂಗ ಅರ್ಧ ನಿಮಿಷಕ್ಕೊಂದು ಪುಟದಂತೆ 25 ಪುಟ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು. ಉಪಗ್ರಹ ಸಿಗದೆ ತಡವರಿಸುತ್ತಿದ್ದ ಯಂತ್ರಗಳು ಇದರಿಂದ ಚೇತರಿಸಿಕೊಂಡದ್ದುಂಟು. ತಾರೀಖು ಮಾತ್ರ ಜಪ್ಪಯ್ಯ ಅನ್ನುವುದಿಲ್ಲ.

ಆಳಂದ ಪಂಥ ಮೂಲಚ್ಛೇದವಾದಿ: ತಂತ್ರಾಂಶವನ್ನೇ ಬದಲಿಸು. ಸಿದ್ಧಾಂತ ನಿರ್ದುಷ್ಟ, ಸಾಮಗ್ರಿ ದುರ್ಲಭ. ಒಂಬತ್ತು ಪಿನ್ನಿನ ಸೀರಿಯಲ್ ಕೇಬಲ್ ಬೇಕು, ಅದು ಕೂರುವ ತೂತಿರುವ ಕಂಪ್ಯೂಟರ್ ಬೇಕು, ತಯಾರಕರು ಆ ಮಾದರಿಗೆ ಪರಿಷ್ಕೃತ ತಂತ್ರಾಂಶ ಬಿಟ್ಟಿರಬೇಕು. ನಡುವೆ ಕರೆಂಟು ಹೋಗಕೂಡದು. ಬೇಸಿಗೆಯ ಆಳಂದದಲ್ಲಿ ಈ ಕೊನೆಯ ಷರತ್ತನ್ನು ಆಸ್ತಿಕರೇ ಪೂರೈಸಬೇಕು.

ಜೇವರ್ಗಿ ಪಂಥ ಅದ್ವೈತದ ಹತ್ತಿರ ಬರುತ್ತದೆ. “ಅದು ಏನರ ಹೇಳ್ಲಿ ಬಿಡ್ರಿ, 7168 ದಿನ ಕೂಡ್ಸಿಕೊಂಡ್ರ ಆಯ್ತಲ್ಲ?” ರೋಗಿಯನ್ನು ಮುಟ್ಟದೆ ವೈದ್ಯನೇ ಮದ್ದು ಕುಡಿಯುವ ಈ ಕ್ರಮ ಮೂರರಲ್ಲೂ ಅಗ್ಗ, ನಂಬಿಕಸ್ತ. ದಾರಿಯ ದಾಖಲೆಯನ್ನು ಕಂಪ್ಯೂಟರಿಗೆ ಇಳಿಸಿ ಅಲ್ಲೇ ತಾರೀಖು ಕೂಡಿಸಿದರೂ ನಡೆಯುತ್ತದೆ.

ಹೊಸ ಸಂಕೇತಗಳಲ್ಲಿ ವಾರಕ್ಕೆ ಹದಿಮೂರು ಬಿಟ್. 157 ವರ್ಷ ಚಿಂತೆಯಿಲ್ಲ. ಹಳೆಯ ಯಂತ್ರಕ್ಕೆ ಆ ಸಂಕೇತ ಕೇಳಿಸದು. 2038ರ ನವೆಂಬರ್ 21ರ ಭಾನುವಾರ ಬೆಳಗ್ಗೆ ಅದು ಇನ್ನೊಮ್ಮೆ 1999ರ ಆಗಸ್ಟ್ 22ಕ್ಕೆ ಜಾರಿ, ಜೆ.ಎಚ್. ಪಟೇಲರನ್ನು ಮುಖ್ಯಮಂತ್ರಿ ಕುರ್ಚಿಯಲ್ಲಿ ಮತ್ತೆ ಕೂರಿಸಲಿದೆ. ಆಗ ಕೂಡಿಸಬೇಕಾದದ್ದು 14,336 ದಿನ.