ರಂಗಂಪೇಟೆಯ ಹಿತ್ತಲಲ್ಲಿ ಚಳಿಗಾಲದ ಪಕ್ಷಿಪೋಷಣೆ: ಒಂದು ತಾತ್ವಿಕ, ತಾಂತ್ರಿಕ ಹಾಗೂ ತೆನೆಸಂಬಂಧಿ ವಿವೇಚನೆ

1. ಪೀಠಿಕೆ

ಚಳಿಗಾಲದಲ್ಲಿ ಹಕ್ಕಿಗಳು ಹಸಿದಿರುತ್ತವೆ, ಆದ್ದರಿಂದ ಹಿತ್ತಲುಳ್ಳ ಸಜ್ಜನರು ಅವಕ್ಕೆ ಕಾಳು ಹಾಕತಕ್ಕದ್ದು ಎಂಬುದು ಪಕ್ಷಿಪ್ರೇಮಿಗಳ ಆದಿವಾಕ್ಯ. ಸುರಪುರಕ್ಕೆ ಅಂಟಿಕೊಂಡಿರುವ ರಂಗಂಪೇಟೆಯ ಹಕ್ಕಿಗಳಿಗೆ ಈ ವಾಕ್ಯ ಇನ್ನೂ ತಲುಪಿದಂತಿಲ್ಲ. ಅವು ಡಿಸೆಂಬರಿನಲ್ಲಿ ಹಸಿಯುವುದಿಲ್ಲ. ಹಾಕಿದ ಕಾಳನ್ನು ಮುಟ್ಟುವುದಿಲ್ಲ. ಹಾಕದ ಕಾಳನ್ನು ಬಿಡುವುದಿಲ್ಲ. ಈ ಮೂರು ವಿಪರೀತ ಲಕ್ಷಣಗಳ ಕಾರಣಮೀಮಾಂಸೆಯೇ ಪ್ರಸ್ತುತ ಪ್ರಬಂಧದ ಉದ್ದೇಶ.

2. ಪೂರ್ವಸೂರಿಗಳ ಸ್ಮರಣೆ

ಈ ಶಾಸ್ತ್ರ ಹುಟ್ಟಿದ್ದು ಹಿಮ ಬೀಳುವ ನಾಡಿನಲ್ಲಿ. 1890–91ರ ಕಡುಚಳಿಯಲ್ಲಿ ಬ್ರಿಟನ್ನಿನ ಪತ್ರಿಕೆಗಳು, ಹಕ್ಕಿಗಳಿಗೆ ರೊಟ್ಟಿಚೂರು ಹಾಕಿರೆಂದು ಓದುಗರನ್ನು ಬೇಡಿಕೊಂಡವು. 1910ರ ಹೊತ್ತಿಗೆ ‘ಪಂಚ್’ ಪತ್ರಿಕೆ ಇದನ್ನು ರಾಷ್ಟ್ರೀಯ ಹವ್ಯಾಸವೆಂದೇ ಸಾರಿತು. ನೆಲ ಹೆಪ್ಪುಗಟ್ಟಿ ಹುಳು ಸಿಗದ ಊರಿನಲ್ಲಿ ಇದು ನ್ಯಾಯವೇ.

ನಮ್ಮ ಸೀಮೆಯ ಪೂರ್ವಸೂರಿಗಳು ಇಬ್ಬರು. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಸಾಹೇಬರು ಮೊದಲನೆಯವರು. ಬೆಟ್ಟದ ಮೇಲಿನ ಅವರ ಬಂಗಲೆ ಇಂದಿಗೂ ಟೇಲರ್ ಮಂಜಿಲ್. 1839ರಲ್ಲೇ ದಾರಿಗಳ್ಳರ ಮೇಲೆ ಕಾದಂಬರಿ ಬರೆದು ಹೆಸರಾದ ಅವರು, ಹೊಲಗಳ್ಳರ ಮೇಲೆ ಅಂಥದೊಂದು ಬರೆಯದೆ ಹೋದದ್ದು ಸಾಹಿತ್ಯಕ್ಕೂ ಕೃಷಿಗೂ ಆದ ನಷ್ಟ. ಎರಡನೆಯವರು ಸಲೀಂ ಅಲಿ. 1931ರಲ್ಲಿ ಅವರು ಹೈದರಾಬಾದ್ ಸಂಸ್ಥಾನದ ಪಕ್ಷಿ ಸಮೀಕ್ಷೆ ಕೈಗೊಂಡಾಗ ಸುರಪುರವೂ ನಿಜಾಮರ ಕೈಯಲ್ಲಿತ್ತು. ಆದಕಾರಣ ನಮ್ಮ ಕಾಗೆಗಳೂ ಕೆಲಕಾಲ ನಿಜಾಮರ ಪ್ರಜೆಗಳಾಗಿದ್ದವೆಂದು ತರ್ಕದಿಂದ ಸಾಧಿಸಬಹುದು. ಕಾಗೆಗಳು ಕಂದಾಯ ಕಟ್ಟಿದ ದಾಖಲೆ ಇಲ್ಲ.

3. ಸಲಕರಣೆ

ಪ್ರಬಂಧಕಾರರು ತಮ್ಮ ಹಿತ್ತಲಿನ ಬೇವಿನ ಮರಕ್ಕೆ ಆನ್‌ಲೈನಿನಲ್ಲಿ ತರಿಸಿದ ಕಾಳಿನ ಡಬ್ಬಿಯೊಂದನ್ನು ತೂಗುಹಾಕಿದರು. ಡಬ್ಬಿಯ ಮೇಲೆ ಹಿಮ ಮೆತ್ತಿದ ಕೊಂಬೆ, ಅದರ ಮೇಲೆ ಕೆಂಪು ಎದೆಯ ಪರದೇಶಿ ಹಕ್ಕಿ. ಜೊತೆಗೆ, ಹಕ್ಕಿ ಚಳಿಗೆ ನಡುಗದಿರಲೆಂದು ಒಂದು ಕೊಬ್ಬಿನುಂಡೆ. ಡಿಸೆಂಬರಿನ ಮಧ್ಯಾಹ್ನವೂ 30 ಡಿಗ್ರಿಯ ಆಸುಪಾಸಿನಲ್ಲಿರುವ ರಂಗಂಪೇಟೆಯಲ್ಲಿ ಆ ಉಂಡೆ ಊಟದ ಹೊತ್ತಿಗೆ ಕರಗಿ, ಕೆಳಗೆ ಒಣಹಾಕಿದ್ದ ಮೆಣಸಿನಕಾಯಿಗೆ ಒಗ್ಗರಣೆಯಾಯಿತು. ಡಬ್ಬಿಯ ಫಲಾನುಭವಿಗಳು ಕ್ರಮವಾಗಿ: ಇರುವೆ, ಅಳಿಲು, ಪಕ್ಕದ ಮನೆಯ ಕೋಳಿ. ಮೂರನೆಯದು ಜೀವಶಾಸ್ತ್ರದ ಪ್ರಕಾರ ಪಕ್ಷಿಯೇ ಆದ್ದರಿಂದ ಪ್ರಯೋಗ ಯಶಸ್ವಿಯೆಂದು ದಾಖಲಿಸಲಾಗಿದೆ.

4. ಉಣ್ಣುವ ಹಕ್ಕಿಗಳ ವರ್ಗೀಕರಣ

(ಅ) ಮೊರದ ವರ್ಗ. ಗುಬ್ಬಿ ಇದರಲ್ಲಿ ಮುಖ್ಯ. ಡಬ್ಬಿಯ ಕಡೆ ಕಣ್ಣೆತ್ತಿಯೂ ನೋಡದು. ಅವ್ವ ಮೊರ ಹಿಡಿದು ಅಂಗಳದಲ್ಲಿ ಜೋಳ ಹಸನು ಮಾಡಲು ಕುಳಿತ ಕ್ಷಣವೇ ಹಾಜರು. ಮೊರದಿಂದ ಸಿಡಿದ ನುಚ್ಚೇ ಅದರ ಪಾಲು. ಅವ್ವ ಇದನ್ನು ಪಕ್ಷಿಪೋಷಣೆ ಎಂದು ಕರೆಯುವುದಿಲ್ಲ. ‘ಹಾಳಾದ ಗುಬ್ಬಿ’ ಎಂದು ಕರೆಯುತ್ತಾಳೆ.

(ಆ) ರೊಟ್ಟಿಯ ವರ್ಗ. ಕಾಗೆ. ರೊಟ್ಟಿ ಬಡಿಯುವ ಸಪ್ಪಳ ಕೇಳಿದೊಡನೆ ಗೋಡೆಯ ಮೇಲೆ ಬಂದು ಕೂರುತ್ತದೆ. ನಾಯಿಗಳ ಜೊಲ್ಲನ್ನು ಅಳೆದು ಹೆಸರಾದ ಪಾವ್ಲೋವ್ ಪಂಡಿತರು ಸುರಪುರ ಸೀಮೆಯಲ್ಲಿ ಹುಟ್ಟಿದ್ದರೆ ನಾಯಿ ಸಾಕುವ ಖರ್ಚು ಉಳಿಯುತ್ತಿತ್ತು.

(ಇ) ತೆನೆಯ ವರ್ಗ. ಗಿಳಿ, ಬೆಳವ ಮತ್ತು ಗುಲಾಬಿ ಕಬ್ಬಕ್ಕಿ. ಕೊನೆಯದು ಮಧ್ಯ ಏಷ್ಯಾದ ಹುಲ್ಲುಗಾವಲಿನಲ್ಲಿ ಮರಿ ಮಾಡಿ, ಮಳೆಗಾಲ ಮುಗಿಯುವ ಮೊದಲೇ ಇತ್ತ ಬರತೊಡಗಿ, ಏಪ್ರಿಲ್ ಹೊತ್ತಿಗೆ ಮರಳುತ್ತದೆ. ಕಜಾಕಸ್ತಾನದ ಹಕ್ಕಿ ಹೊಟ್ಟೆಪಾಡಿಗೆಂದು ಯಾದಗಿರಿ ಜಿಲ್ಲೆಗೆ ಬರುವ ಹೊತ್ತಿಗೆ, ಯಾದಗಿರಿ ಜಿಲ್ಲೆಯ ಮಂದಿ ಹೊಟ್ಟೆಪಾಡಿಗೆಂದು ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಹಕ್ಕಿಯ ವಲಸೆಯ ಮೇಲೆ ಗ್ರಂಥಗಳಿವೆ, ನಕ್ಷೆಗಳಿವೆ. ಮಂದಿಯ ವಲಸೆಗೆ ಬಸ್ಸಿನ ಟಿಕೀಟು ಮಾತ್ರ.

(ಈ) ಸೀತನಿಯ ವರ್ಗ. ಪಟ್ಟಣ ಸೇರಿದ ನೆಂಟರು. ಜೋಳದ ಕಾಳಿಗೆ ಹಾಲು ತುಂಬಿದಾಗ ಮಾತ್ರ ಕಾಣಸಿಗುತ್ತಾರೆ. ಎಳೆ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ತಿಕ್ಕಿ, ಶೇಂಗಾ ಹಿಂಡಿ ಮತ್ತು ಮೊಸರಿನೊಂದಿಗೆ ತಿನ್ನುತ್ತಾರೆ. ಕಬ್ಬಕ್ಕಿ ಇಳಿಯುವುದೂ ಇದೇ ಹಾಲುಗಾಳಿಗೆ. ಇಬ್ಬರಲ್ಲಿ ವ್ಯತ್ಯಾಸ ಇಷ್ಟೇ: ಹಕ್ಕಿಗೆ ಹಿಂಡಿ ಬೇಕಾಗಿಲ್ಲ. ಪ್ರಬಂಧಕಾರರನ್ನೂ ಇದೇ ವರ್ಗಕ್ಕೆ ಸೇರಿಸಲಾಗಿದೆ.

5. ತಜ್ಞರ ಸಂದರ್ಶನ

ಹಿತ್ತಲಿನಲ್ಲಿ ಹಕ್ಕಿ ಸಿಗದ ಕಾರಣ ಅಧ್ಯಯನವನ್ನು ಹೊಲಕ್ಕೆ ಸಾಗಿಸಲಾಯಿತು. ಅಲ್ಲಿ ಹಿಂಗಾರಿ ಬಿಳಿಜೋಳ ಆಳೆತ್ತರ ನಿಂತಿತ್ತು. ನಾಲ್ಕು ಗೂಟದ ಮಂಚಿಗೆಯ ಮೇಲೆ, ಒಂದು ಕೈಯಲ್ಲಿ ಕವಣೆ, ಇನ್ನೊಂದರಲ್ಲಿ ಬಡಿಯಲು ಖಾಲಿ ಡಬ್ಬಿ ಹಿಡಿದು ಮುತ್ಯಾ ಒಬ್ಬರು ಕುಳಿತಿದ್ದರು. ಯಾವ ಹಿಂಡು ಯಾವ ದಿಕ್ಕಿನಿಂದ ಎಷ್ಟು ಹೊತ್ತಿಗೆ ಬರುತ್ತದೆ, ಯಾವ ತೆನೆಯನ್ನು ಮೊದಲು ಹಿಡಿಯುತ್ತದೆ ಎಂಬುದೆಲ್ಲ ಅವರಿಗೆ ಕಂಠಪಾಠ. ಒಗರು ಹೆಚ್ಚಿರುವ ಕೆಂಜೋಳವನ್ನು ಹಕ್ಕಿ ಅಷ್ಟಾಗಿ ಮುಟ್ಟದೆಂಬುದನ್ನು ಕೃಷಿ ವಿಜ್ಞಾನಿಗಳೂ ಒಪ್ಪುತ್ತಾರೆ. ಮುತ್ಯಾನಿಗೆ ಅದು ವಿಜ್ಞಾನವೆಂದು ಯಾರೂ ಹೇಳಿರಲಿಲ್ಲ. ಪ್ರಬಂಧಕಾರರು ತಮ್ಮ ಡಬ್ಬಿಯ ವಿಷಯ ಅರಿಕೆ ಮಾಡಿದಾಗ ತಜ್ಞರು ಕವಣೆ ಬೀಸುವುದನ್ನು ನಿಲ್ಲಿಸದೆ ಅಭಿಪ್ರಾಯ ಕೊಟ್ಟರು:

“ತಮ್ಮಾ, ನೀ ಕಾಳು ಹಾಕ್ತಿ, ಅವು ಬರಂಗಿಲ್ಲ. ನಾ ಕಲ್ಲು ಹೊಡಿತೀನಿ, ಅವು ಹೋಗಂಗಿಲ್ಲ. ಇದ್ರಾಗ ಶಾಣ್ಯಾ ಯಾರು?”

6. ಸಿದ್ಧಾಂತ

ಇದರಿಂದ ಫಲಿಸುವುದೇನೆಂದರೆ, ರಂಗಂಪೇಟೆಯ ಚಳಿಗಾಲ ಹಕ್ಕಿಗಳ ಸುಗ್ಗಿ. ಎಕರೆಗಟ್ಟಲೆ ಜೋಳ ಹಾಲುಗಟ್ಟಿರುವಾಗ ಹಿಡಿ ಸೂರ್ಯಕಾಂತಿ ಬೀಜ ತೂಗುಹಾಕುವುದು ಮದುವೆಮನೆಯ ಬಾಗಿಲಲ್ಲಿ ಚಹಾದಂಗಡಿ ಇಟ್ಟಂತೆ. ಇಲ್ಲಿ ಹಕ್ಕಿಗೆ ನಿಜವಾದ ಕಷ್ಟಕಾಲ 40 ಡಿಗ್ರಿ ದಾಟುವ ಏಪ್ರಿಲ್, ಮೇ. ಆಗ ಅದಕ್ಕೆ ಬೇಕಾದದ್ದು ನೀರು.

ಇನ್ನು ಕಲ್ಲಿನ ವಿಚಾರ. ಚೀನಾದ ಷಿನ್‌ಜಿಯಾಂಗ್‌ನಲ್ಲಿ ಇದೇ ಗುಲಾಬಿ ಕಬ್ಬಕ್ಕಿ ಮಿಡತೆಗಳನ್ನು ಮುಕ್ಕುತ್ತದೆಂದು, ಗೂಡು ಮಾಡಿಕೊಳ್ಳಲು ಅದಕ್ಕೆ ಕಲ್ಲು ಪೇರಿಸಿ ಕೊಡುತ್ತಾರೆ. ಇಲ್ಲಿ ಅದೇ ಹಕ್ಕಿಗೆ ಕಲ್ಲು ಬೀಸುತ್ತೇವೆ. ಎಳ್ಳಮಾವಾಸ್ಯೆಯ ದಿನ ಮಾತ್ರ ಹೊಲದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಸಜ್ಜೆ ಕಡುಬು, ಬಜ್ಜಿ ಕಲೆಸಿ ಬೆಳೆಯ ಮೇಲೆಲ್ಲ ಚರಗ ಚೆಲ್ಲುತ್ತೇವೆ. ಅಂದು ಕಲ್ಲಿಗೆ ಕುಂಕುಮ, ಹಕ್ಕಿಗೆ ಎಡೆ. ಮರುದಿನ ಕಲ್ಲು ಕವಣೆಗೆ. ಒಂದೇ ಹಕ್ಕಿ ಒಂದೇ ವರ್ಷದಲ್ಲಿ ಮೂರು ಬಗೆಯ ಕಲ್ಲು ಕಂಡೂ ಗೊಂದಲಗೊಳ್ಳದೆ ಇರುವುದು ಅದರ ಬುದ್ಧಿಮತ್ತೆಗೆ ಸಾಕ್ಷಿ.

ಆಕ್ಷೇಪ: ನಾರಾಯಣಪುರದ ಕಾಲುವೆ ಬಂದಲ್ಲೆಲ್ಲ ಜೋಳದ ಜಾಗಕ್ಕೆ ಭತ್ತ, ಹತ್ತಿ, ಮೆಣಸಿನಕಾಯಿ ಬಂದಿವೆಯಲ್ಲ? ಸಮಾಧಾನ: ನೀರು ಹೆಚ್ಚಿದಲ್ಲಿ ನೀರಹಕ್ಕಿಗೆ ಹಬ್ಬ. ಆದರೆ ಹತ್ತಿಯ ಕಾಯಿ ಕಚ್ಚಿ ಬದುಕುವ ಕಬ್ಬಕ್ಕಿ ಇನ್ನೂ ಹುಟ್ಟಿಲ್ಲ. ಉಳಿದ ಜೋಳದ ಹೊಲಗಳೇ ಅದರ ಕೊನೆಯ ಖಾನಾವಳಿ, ಅದನ್ನು ನಡೆಸುವವನೇ ಅದಕ್ಕೆ ಕಲ್ಲು ಬೀಸುವವನು.

7. ಶಿಫಾರಸುಗಳು

ಒಂದು: ಕಾಳಿನ ಡಬ್ಬಿಯನ್ನು ಇಳಿಸಿ, ಬೇಸಿಗೆಗೆ ಬೇವಿನ ನೆರಳಲ್ಲಿ ಮಣ್ಣಿನ ಬೋಗುಣಿಯಲ್ಲಿ ನೀರಿಡತಕ್ಕದ್ದು, ದಿನಾ ತೊಳೆದು ಬದಲಿಸತಕ್ಕದ್ದು.

ಎರಡು: ಹಕ್ಕಿ ನೋಡುವವರು ಬೋನಾಳ ಕೆರೆಗಷ್ಟೇ ಓಡದೆ ಒಂದು ಬೆಳಗ್ಗೆ ಮಂಚಿಗೆ ಹತ್ತತಕ್ಕದ್ದು. ದುರ್ಬೀನು ಇದ್ದರೆ ಸರಿ, ಡಬ್ಬಿ ಬಡಿಯಲು ಬಂದರೆ ಇನ್ನೂ ಸರಿ.

ಮೂರು: ನಮ್ಮ ಜೋಳ ತಿಂದು ಕೊಬ್ಬಿದ ಹಕ್ಕಿಗಳೇ ಮಧ್ಯ ಏಷ್ಯಾಕ್ಕೆ ಮರಳಿ ಅಲ್ಲಿನ ಮಿಡತೆಗಳನ್ನು ತಿಂದು ಅಲ್ಲಿನ ಬೆಳೆ ಉಳಿಸುವುದರಿಂದ, ಹಕ್ಕಿ ತಿಂದ ಜೋಳವನ್ನು ವಿದೇಶಿ ನೆರವು ಎಂದು ಪರಿಗಣಿಸಿ, ಕಜಾಕಸ್ತಾನ ಸರ್ಕಾರಕ್ಕೆ ಬಿಲ್ಲು ಕಳಿಸತಕ್ಕದ್ದು. ಈ ಕರಡನ್ನು ಮಂಚಿಗೆಯ ಕೆಳಗೆ ನಿಂತು ಓದಿ ಹೇಳಿದಾಗ ತಜ್ಞರು ಒಂದೇ ತಿದ್ದುಪಡಿ ಸೂಚಿಸಿದರು:

“ಕಳಿಸೂದಾದ್ರ ಹ್ವಾದ ವರ್ಷದ ಬಾಕಿನೂ ಸೇರ್ಸಿ ಕಳಸು.”